ಡೇರಿಗೆ ಹೊಸ ಯಂತ್ರ ಬಂದಿದೆ, ಸದಸ್ಯರು ಬೇಡ ಅಂತಿದ್ದಾರೆ. ಮುಂದೇನು?

ಪಾಂಡವಪುರದ ಹೈನುಗಾರ
ನಮ್ಮೂರ ಹಾಲು ಉತ್ಪಾದಕರ ಸಂಘದಲ್ಲಿ ನಾನು ನಿರ್ದೇಶಕ. ಇಷ್ಟು ವರ್ಷ ಲೀಟರ್ ಅಳತೆಯಲ್ಲಿ ಹಾಲು ತಗೊಂಡು, ಹಾಲು ಎಷ್ಟು ಗಟ್ಟಿ ಅಂತ ತೋರಿಸುವ ಲ್ಯಾಕ್ಟೋಮೀಟರ್ ಬಿಟ್ಟು ನೋಡಿ, ಎಲ್ಲರಿಗೂ ಒಂದೇ ದರ ಕೊಡುತ್ತಿದ್ದೆವು. ಬಟವಾಡೆ ದಿನ ಕೈಗೆ ನಗದು. ಈಗ ಹಾಲು ತೂಗಿ, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ, ಅಲ್ಲೇ ಚೀಟಿ ಕೊಡುವ ಯಂತ್ರ ತಂದಿದ್ದೇವೆ. ಹಾಲಿನ ಗುಣ ನೋಡಿ ದರ, ಹಣ ನೇರ ಬ್ಯಾಂಕ್ ಖಾತೆಗೆ. ಮೊದಲ ದಿನದಿಂದಲೇ ಗಲಾಟೆ ಶುರುವಾಯಿತು. ಒಂದಷ್ಟು ಜನ ಖಾಸಗಿಯವರಿಗೆ ಹಾಕುತ್ತೇವೆ ಅಂತಿದ್ದಾರೆ. ಸೆಕ್ರೆಟರಿ ಆಗಾಗ "ಯಂತ್ರ ಸರಿಯಿಲ್ಲ" ಅಂತ ಹಳೇ ಅಳತೆಗೇ ಹೋಗಿಬಿಡುತ್ತಾರೆ. ಮಂಡಳಿಯಲ್ಲಿ ಅರ್ಧ ಜನ ಪಟ್ಟು ಹಿಡಿಯೋಣ ಅಂತಾರೆ, ಇನ್ನರ್ಧ ವಾಪಸ್ ತಗೊಳ್ಳೋಣ ಅಂತಾರೆ. ಇಂಥ ಬದಲಾವಣೆ ಮಾಡಿಸಿದವರು, ಕಂಡವರು ಇದ್ದರೆ ದಯವಿಟ್ಟು ಹೇಳಿ.

ಕೆ.ಆರ್.ಪೇಟೆ ಹುಡುಗ
ಪಟ್ಟು ಬಿಡಬೇಡಿ ಅಣ್ಣ. ಗಲಾಟೆ ಮಾಡುವವರು ಯಾರು ಅಂತ ನೋಡಿ. ನೀರು ಬೆರೆಸುವವರೇ ಜಾಸ್ತಿ ಇರುತ್ತಾರೆ. ಒಂದೇ ದರ ಅಂದರೆ ಒಳ್ಳೆ ಹಾಲು ಹಾಕುವವನ ದುಡ್ಡು ತೆಳು ಹಾಲಿನವನಿಗೆ ಹೋಗುತ್ತಿತ್ತು ಅಂತ ಅರ್ಥ ಅಲ್ವಾ? ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಖಾತೆಗೇ ಬರುತ್ತಿಲ್ಲವಾ, ಆಗ ಯಾರೂ ತಕರಾರು ಮಾಡಲಿಲ್ಲ. ವಿಶ್ವೇಶ್ವರಯ್ಯನವರು ಎಲ್ಲರನ್ನೂ ಕೇಳಿಕೊಂಡು ಕನ್ನಂಬಾಡಿ ಕಟ್ಟೆ ಕಟ್ಟಿದ್ದರೆ ಇವತ್ತು ಮಂಡ್ಯಕ್ಕೆ ನೀರೇ ಇರುತ್ತಿರಲಿಲ್ಲ.

ಹೆಬ್ಬಾಳ ಶಿಫ್ಟ್
ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಎಚ್‌ಆರ್ ನಾನು. ಹುಡುಗನ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಜಾನ್ ಕಾಟರ್ 1996ರ ಪುಸ್ತಕದಲ್ಲಿ ಬದಲಾವಣೆಗೆ ಎಂಟು ಹಂತ ಹೇಳಿದ್ದಾರೆ. ಮೊದಲನೆಯದು, ಈಗಲೇ ಬದಲಾಗಬೇಕು ಅನ್ನುವ ತುರ್ತು ಎಲ್ಲರಿಗೂ ತಟ್ಟಬೇಕು. ನಿಮ್ಮ ಸದಸ್ಯರಿಗೆ ಅದು ತಟ್ಟಿಲ್ಲ. ಬೇಗ ಒಂದು ಗೆಲುವನ್ನೂ ತೋರಿಸಬೇಕು. ಯಂತ್ರ ಬಂದ ಮೇಲೆ ಯಾರಿಗೆ ದರ ಜಾಸ್ತಿ ಸಿಕ್ಕಿದೆಯೋ ಅವರ ಒಪ್ಪಿಗೆ ತಗೊಂಡು ಆ ಚೀಟಿಗಳನ್ನು ಬೋರ್ಡಿಗೆ ಹಾಕಿ. ಮುಖ್ಯವಾಗಿ ಹಳೇ ಅಳತೆ ನಿಲ್ಲುವ ದಿನಾಂಕ ಗೊತ್ತು ಮಾಡಿ. ಎರಡೂ ಒಟ್ಟಿಗೆ ನಡೆಯುತ್ತಿದ್ದರೆ ಜನ ಹಳೆಯದರ ಕಡೆಗೇ ವಾಲುತ್ತಾರೆ.

ಮದ್ದೂರು ಕಡೆಯವಳು
ನೀವೆಲ್ಲ ಹಾಲಿನ ನೀರಿನ ಬಗ್ಗೆನೇ ಮಾತಾಡುತ್ತಿದ್ದೀರ. ಹಸು ಯಾರು ನೋಡಿಕೊಳ್ಳುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ನಮ್ಮೂರಲ್ಲಿ ಹುಲ್ಲು ಕುಯ್ದು, ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹೊತ್ತು ತರುವವರು ಹೆಂಗಸರು. ಸಂಘದ ಷೇರು, ಅಂದರೆ ಸದಸ್ಯತ್ವ, ಮಾತ್ರ ಗಂಡನ ಹೆಸರಲ್ಲಿ ಇರುತ್ತದೆ. ನಗದು ಕೊಡುವಾಗ ಹಾಲು ತಂದವಳ ಕೈಗೇ ದುಡ್ಡು ಬರುತ್ತಿತ್ತು. ಅಲ್ಲಿಂದ ನೇರ ಅಂಗಡಿಗೆ ಹೋಗಿ ಹಿಂಡಿ, ಬೂಸಾ, ಮನೆಗೆ ಸಕ್ಕರೆ ತರುತ್ತಿದ್ದೆವು. ಖಾತೆಗೆ ಅಂದ ಮೇಲೆ ಅದು ಗಂಡನ ಖಾತೆಗೆ. ಎಟಿಎಂ ಕಾರ್ಡ್ ಅವರ ಜೇಬಲ್ಲಿ, ಮೆಸೇಜ್ ಅವರ ಫೋನಿಗೆ. ಹಳೇ ಸಾಲ ಇದ್ದರೆ ಹಾಲಿನ ದುಡ್ಡು ಅದಕ್ಕೇ ಮುರಿದುಹೋಗುತ್ತದೆ ಅನ್ನುವ ಭಯ ಬೇರೆ. ನಿಮ್ಮೂರ ಹೆಂಗಸರು ಯಂತ್ರ ಬೇಡ ಅಂತಿದ್ದಾರೋ, ತಮ್ಮ ಕೈಯಿಂದ ದುಡ್ಡು ಹೋಗುವುದು ಬೇಡ ಅಂತಿದ್ದಾರೋ, ವಿಚಾರಿಸಿದಿರಾ ಅಣ್ಣ?

ಪಾಂಡವಪುರದ ಹೈನುಗಾರ
ಇಲ್ಲ ಅಕ್ಕ. ಬೆಳಿಗ್ಗೆ ಗಲಾಟೆಯಲ್ಲಿ ಹೆಂಗಸರೇ ಮುಂದೆ ಇದ್ದರು. ಆದರೆ ಅವರು ಕೂಗಿದ್ದು ತೂಕದಲ್ಲಿ ಮೋಸ ಅಂತ. ಯಂತ್ರದಲ್ಲಿ 10 ಕೆಜಿ ತೋರಿಸುತ್ತದೆ, ಚೀಟಿಯಲ್ಲಿ 9.7 ಲೀಟರ್ ಬರುತ್ತದೆ, ಮುನ್ನೂರು ಎಂಎಲ್ ಎಲ್ಲಿ ಹೋಯಿತು ಅಂತ.

ಟೆಸ್ಟಿಂಗ್ ಮೇಜು
ನಾನು ಬೇರೆ ತಾಲ್ಲೂಕಿನ ಸಂಘದಲ್ಲಿ ಹಾಲು ಪರೀಕ್ಷಕ. ಇದನ್ನು ಮೊದಲ ದಿನವೇ ಎಲ್ಲರ ಎದುರು ಬಿಡಿಸಿ ಹೇಳಬೇಕಿತ್ತು. ಹಾಲು ನೀರಿಗಿಂತ ಭಾರ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಹಾಗಾಗಿ 10 ಕೆಜಿ ಅಂದರೆ 9.7 ಲೀಟರ್. ಎಲ್ಲೂ ಏನೂ ಹೋಗಿಲ್ಲ. ಲೀಟರ್ ಪಾತ್ರೆಯಲ್ಲಿ ಅಳೆದು, ಅದನ್ನೇ ತಕ್ಕಡಿ ಮೇಲಿಟ್ಟು ತೋರಿಸಿ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಸೆಕ್ರೆಟರಿ ಯಂತ್ರ ಸರಿಯಿಲ್ಲ ಅಂದರೆ ಅದನ್ನು ನೆಪ ಅಂತ ತಳ್ಳಿಹಾಕಬೇಡಿ. ಹಾಲು ನಿಂತರೆ ಕೊಬ್ಬು ಮೇಲೆ ತೇಲುತ್ತದೆ. ಸರಿಯಾಗಿ ಕಲಕದೆ ಮೇಲಿಂದ ಸ್ಯಾಂಪಲ್ ತೆಗೆದರೆ ಫ್ಯಾಟ್ ಜಾಸ್ತಿ ಬರುತ್ತದೆ, ಕೆಳಗಿಂದ ತೆಗೆದರೆ ಕಮ್ಮಿ ಬರುತ್ತದೆ. ಯಂತ್ರದ ನಳಿಕೆಯನ್ನು ದಿನಾ ತೊಳೆಯಬೇಕು. ತೊಳೆಯದಿದ್ದರೆ ಅಂಕಿ ತಪ್ಪು ಬರುತ್ತದೆ. ಬೆಳಿಗ್ಗೆ ಸಾಲು ಉದ್ದ ಇರುವಾಗ ಒಬ್ಬರೇ ಇದನ್ನೆಲ್ಲ ಮಾಡಬೇಕು. ನಿಮ್ಮ ಸೆಕ್ರೆಟರಿಗೆ ತರಬೇತಿ ಕೊಟ್ಟಿದ್ದೀರಾ, ಅಥವಾ ಕಂಪನಿಯವನು ಒಂದು ಗಂಟೆ ತೋರಿಸಿ ಹೋದನಾ? ಅಲ್ಲದೆ ಹಾಲು ನೋಡಿದ ಕೂಡಲೇ ಗುಣ ಹೇಳುತ್ತಿದ್ದ ಮನುಷ್ಯ ಅವರು. ಊರಲ್ಲಿ ಅವರ ಮಾತಿಗೆ ಬೆಲೆ ಇತ್ತು. ಈಗ ಚೀಟಿ ಹರಿದು ಕೊಡುವವರಾಗಿದ್ದಾರೆ. ಅದು ನೋಯಿಸುತ್ತದೆ ಸರ್.

ಕೆ.ಆರ್.ಪೇಟೆ ಹುಡುಗ
ಅಣ್ಣ, ಎಲ್ಲರ ನೋವನ್ನೂ ಕೇಳುತ್ತಾ ಕೂತರೆ ಯಂತ್ರಕ್ಕೆ ತುಕ್ಕು ಹಿಡಿಯುತ್ತದೆ.

ಮಂಡ್ಯದ ನಿವೃತ್ತ ಮೇಷ್ಟ್ರು
ತಮ್ಮಾ, ನೀನು ವಿಶ್ವೇಶ್ವರಯ್ಯನವರ ಹೆಸರು ತೆಗೆದದ್ದರಿಂದ ಹೇಳುತ್ತೇನೆ. ಮುಂಬೈ ಪ್ರಾಂತ್ಯದಲ್ಲಿ ಇಂಜಿನಿಯರಾಗಿದ್ದಾಗ ಅವರು ಪುಣೆ ಕಡೆಯ ನೀರಾ ನದಿಯ ಕಾಲುವೆಯಲ್ಲಿ ಬ್ಲಾಕ್ ಪದ್ಧತಿ ತಂದರು. ಕಾಲುವೆ ನೀರು ಕೆಲವೇ ಜನರ ಕಬ್ಬಿಗೆ ಹೋಗದೆ ಹೆಚ್ಚು ಹಳ್ಳಿಗಳಿಗೆ ಹಂಚಿಹೋಗಬೇಕು, ಬೆಳೆ ಸರದಿಯಲ್ಲಿ ಬದಲಾಗಬೇಕು ಅನ್ನುವ ಯೋಜನೆ. ಅದಕ್ಕೆ ರೈತರೂ ವಿರೋಧ ಮಾಡಿದರು, ಪತ್ರಿಕೆಗಳೂ ಬರೆದವು. ಜನ ಒಪ್ಪಿದ್ದು ಪದ್ಧತಿ ನಡೆದು ಅದರ ಲಾಭ ಕಣ್ಣಿಗೆ ಕಂಡ ಮೇಲೆ. ದೊಡ್ಡ ಹೆಸರಿನ ಮುಂದೆ ಜನ ಸುಮ್ನೆ ತಲೆಬಾಗಿದರು ಅಂತ ಅಂದುಕೊಳ್ಳಬೇಡ.

ಈ ವಿಷಯದಲ್ಲಿ ನನಗೆ ತುಂಬ ಮುಖ್ಯ ಅನ್ನಿಸಿದ್ದು ಅಮೆರಿಕದ ಒಂದು ಪ್ರಯೋಗ. ವರ್ಜೀನಿಯಾದ ಮೇರಿಯನ್ ಊರಲ್ಲಿ ಹಾರ್ವುಡ್ ಅನ್ನುವ ಪೈಜಾಮ ಫ್ಯಾಕ್ಟರಿ. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಕೆಲಸದ ರೀತಿ ಬದಲಾದಾಗಲೆಲ್ಲ ಜಗಳ, ರಾಜೀನಾಮೆ. ಲೆಸ್ಟರ್ ಕೋಚ್, ಜಾನ್ ಫ್ರೆಂಚ್ ಇಬ್ಬರೂ ಸೇರಿ ಗುಂಪುಗಳನ್ನು ಮಾಡಿದರು. ಒಂದು ಗುಂಪಿಗೆ ಹೊಸ ರೀತಿ ಹೀಗೆ, ಕೂಲಿ ದರ ಇಷ್ಟು ಅಂತ ಹೇಳಿಬಿಟ್ಟರು. ಇನ್ನೊಂದು ಗುಂಪಿನಿಂದ ಪ್ರತಿನಿಧಿಗಳನ್ನು ಕರೆದರು. ಉಳಿದ ಎರಡು ಗುಂಪುಗಳಲ್ಲಿ ಪ್ರತಿಯೊಬ್ಬರೂ ಕೂತು ಹೊಸ ರೀತಿಯನ್ನು ತಾವೇ ರೂಪಿಸಿದರು. 1948ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಗುಂಪಿನಲ್ಲಿ 40 ದಿನದೊಳಗೆ ಶೇಕಡಾ 17 ಜನ ಕೆಲಸ ಬಿಟ್ಟರು. ಎಲ್ಲರೂ ಕೂತು ತೀರ್ಮಾನಿಸಿದ ಗುಂಪುಗಳ ಉತ್ಪಾದನೆ ಹಳೆಯದಕ್ಕಿಂತ ಸುಮಾರು ಶೇಕಡಾ 14 ಹೆಚ್ಚಾಯಿತು. ಕೆಲವು ತಿಂಗಳ ನಂತರ ಮೊದಲ ಗುಂಪಿನಲ್ಲಿ ಉಳಿದವರಿಗೆ ಮತ್ತೆ ಬೇರೆ ಕೆಲಸ ಕೊಟ್ಟರು. ಈ ಸಲ ಅವರನ್ನೂ ಕೂರಿಸಿ ಮಾತಾಡಿದರು. ಅದೇ ಜನ ಚೆನ್ನಾಗಿ ಕೆಲಸ ಮಾಡಿದರು. "ಆ ಜನವೇ ಹಾಗೆ" ಅನ್ನುವ ಮಾತನ್ನು ಅವತ್ತಿಂದ ನಾನು ನಂಬುವುದಿಲ್ಲ.

ಹೆಬ್ಬಾಳ ಶಿಫ್ಟ್
ಮೇಷ್ಟ್ರೇ, ಹಾರ್ವುಡ್ ನಾನೂ ಓದಿದ್ದೇನೆ. ಆದರೆ ಎಲ್ಲರೂ ಕೂತು ತೀರ್ಮಾನಿಸಿದ ಆ ಎರಡು ಗುಂಪುಗಳಲ್ಲಿ ಏಳೆಂಟು ಜನ ಮಾತ್ರ ಇದ್ದರು. ಸಂಘದಲ್ಲಿ ಎಷ್ಟು ಜನ ಸದಸ್ಯರಿರುತ್ತಾರೆ ನೋಡಿ. ಅಲ್ಲದೆ ಅಂಥದ್ದೇ ಪ್ರಯೋಗವನ್ನು ನಾರ್ವೆಯ ಪಾದರಕ್ಷೆ ಫ್ಯಾಕ್ಟರಿಯಲ್ಲಿ ಮಾಡಿ 1960ರಲ್ಲಿ ಪ್ರಕಟಿಸಿದರು. ಅದರಲ್ಲಿ ಫ್ರೆಂಚ್ ಅವರೂ ಇದ್ದರು. ಉತ್ಪಾದನೆಯಲ್ಲಿ ವ್ಯತ್ಯಾಸವೇ ಬರಲಿಲ್ಲ. ಕೂರಿಸಿ ಮಾತಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನಲು ಆಗುವುದಿಲ್ಲ.

ಮಂಡ್ಯದ ನಿವೃತ್ತ ಮೇಷ್ಟ್ರು
ಸರಿಯಾದ ಮಾತು. ಕೂರಿಸಿದರೆ ಸಾಲದು, ತಮಗೆ ಬೇಕಾದ ವಿಷಯದಲ್ಲಿ ಅವರ ಮಾತು ನಡೆಯಬೇಕು. ಈ ಸಂಘದಲ್ಲಿ ಯಂತ್ರ ಬೇಕಾ ಬೇಡವಾ ಅಂತ ಈಗ ಕೇಳಿದರೆ ಅದು ಬರೀ ತೋರಿಕೆ, ಯಂತ್ರ ಬಂದು ಕೂತಿದೆ. ದುಡ್ಡು ಯಾರ ಖಾತೆಗೆ, ಕಮ್ಮಿ ಫ್ಯಾಟ್ ಬಂದರೆ ಮರುಪರೀಕ್ಷೆ ಹೇಗೆ, ತೂಕ ಯಾರ ಎದುರು ಪರೀಕ್ಷೆ ಮಾಡಬೇಕು, ಇವನ್ನು ಅವರೇ ತೀರ್ಮಾನಿಸಲಿ.

ಮದ್ದೂರು ಕಡೆಯವಳು
ಸಭೆ ಕರೆದರೆ ಬೀದಿಗೊಂದು ಗುಂಪು ಮಾಡಿ ಕರೆಯಿರಿ. ಸರ್ವಸದಸ್ಯರ ಸಭೆಯಲ್ಲಿ ಗಂಡಸರು ಮೈಕ್ ಹಿಡಿಯುತ್ತಾರೆ, ನಾವು ಹಿಂದೆ ನಿಂತು ಕೇಳಿಸಿಕೊಂಡು ಬರುತ್ತೇವೆ. ಹಾಲು ಹಾಕುವವಳ ಹೆಸರಿಗೇ ಷೇರು ಮಾಡಿಸಿ, ಅವಳ ಹೆಸರಲ್ಲೇ ಖಾತೆ ತೆರೆಯಿಸಿ. ಆಮೇಲೆ ನೋಡಿ ಯಾರು ಬೇಡ ಅಂತಾರೆ. ಫ್ಯಾಟ್ ಯಾಕೆ ಕಮ್ಮಿ ಬಂತು ಅಂತ ಹೇಳಿಕೊಡುವವರೂ ಬೇಕು. ಕೊನೆಗೆ ಬರುವ ಹಾಲಲ್ಲೇ ಕೊಬ್ಬು ಜಾಸ್ತಿ. ಅದನ್ನೆಲ್ಲ ಕರುವಿಗೆ ಬಿಟ್ಟರೆ ಡೇರಿಗೆ ತಂದದ್ದು ತೆಳುವಾಗಿಯೇ ಇರುತ್ತದೆ. ಒಣಹುಲ್ಲು ಕಮ್ಮಿ ಹಾಕಿದರೂ ಫ್ಯಾಟ್ ಇಳಿಯುತ್ತದೆ. ಇಂಥವರನ್ನೂ ನೀರು ಬೆರೆಸುವವರ ಸಾಲಿಗೆ ಸೇರಿಸಿದರೆ ಸಿಟ್ಟು ಬರುತ್ತದೆ ತಮ್ಮಾ.

ಕೆ.ಆರ್.ಪೇಟೆ ಹುಡುಗ
ಅಕ್ಕ, ಕರುವಿನ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ನೀರು ಬೆರೆಸುವವರು ಇದ್ದೇ ಇದ್ದಾರೆ, ಅವರು ಯಾವ ಸಭೆ ಕರೆದರೂ ಒಪ್ಪುವುದಿಲ್ಲ. ಅವರಿಗಾಗಿ ಯಂತ್ರ ನಿಲ್ಲಿಸಬಾರದು ಅನ್ನುವುದನ್ನು ನಾನು ಬಿಡುವುದಿಲ್ಲ.

ಪಾಂಡವಪುರದ ಹೈನುಗಾರ
ಯಂತ್ರ ನಿಲ್ಲಿಸುವುದಿಲ್ಲ. ತೂಕ, ಪರೀಕ್ಷೆ, ಚೀಟಿ ದಿನಾ ನಡೆಯಲಿ. ಆದರೆ ಬೀದಿ ಸಭೆಗಳು ಮುಗಿಯುವವರೆಗೆ ಹಳೇ ದರವೇ ಇರಲಿ, ಬಟವಾಡೆ ನಗದಲ್ಲೇ ಇರಲಿ ಅಂತ ಮಂಡಳಿಯಲ್ಲಿ ಕೇಳುತ್ತೇನೆ. ಅಷ್ಟರಲ್ಲಿ ಜನ ತಮ್ಮ ತಮ್ಮ ಫ್ಯಾಟ್ ಎಷ್ಟು ಅಂತ ನೋಡಿಕೊಳ್ಳುತ್ತಾರೆ. ಸೆಕ್ರೆಟರಿಗೆ ತರಬೇತಿ ಕೊಡಿಸಿ, ಮರುಪರೀಕ್ಷೆಯ ಜವಾಬ್ದಾರಿ ಅವರಿಗೇ ವಹಿಸುವ ಯೋಚನೆ ಇದೆ.

ಹೆಬ್ಬಾಳ ಶಿಫ್ಟ್
ಒಳ್ಳೇದು ಸರ್. ಆದರೆ ಹಳೇ ದರ ಎಲ್ಲಿಯವರೆಗೆ ಅನ್ನುವ ದಿನಾಂಕ ಮೊದಲ ಸಭೆಯಲ್ಲೇ ಹೇಳಿ.

ಮದ್ದೂರು ಕಡೆಯವಳು
ದಿನಾಂಕ ಹೇಳಿ, ಜೊತೆಗೆ ಹೊತ್ತೂ ನೋಡಿ. ಸಂಜೆ ಹಾಲು ಹಾಕಿ ಆದ ಮೇಲೆ, ಡೇರಿ ಜಗಲಿಯಲ್ಲೇ ಇಟ್ಟುಕೊಳ್ಳಿ. ಹಾಲು ಕರೆಯುವ ಹೊತ್ತಲ್ಲಿ ಕರೆದರೆ ಗಂಡಸರು ಮಾತ್ರ ಬರುತ್ತಾರೆ.