ಟೌನ್ ಹಾಲ್ ಲಾನ್‌ನಲ್ಲಿ ನಮ್ಮ ದೀಪ: ಮಂಗಳವಾರ ಮೀಟಿಂಗ್‌ಗೆ ಯಾರ್ಯಾರು ಬರ್ತೀರಿ?

ಅಡ್ಮಿನ್ (ಲೈಬ್ರರಿ ಹಿಂದಿನ ಬೀದಿ)
ಎಲ್ಲರಿಗೂ ನಮಸ್ಕಾರ. ಅಮೆರಿಕದ ನಮ್ಮ ಊರಿನ ಕನ್ನಡ ಮನೆಗಳ ಈ ಗುಂಪಿನಲ್ಲಿ ಸಾಮಾನ್ಯವಾಗಿ ಹಳೇ ಸೋಫಾ, ಏರ್‌ಪೋರ್ಟ್ ರೈಡ್, ಕರಿಬೇವಿನ ಗಿಡ ಇಷ್ಟೇ ಮಾತು. ಇವತ್ತು ಸ್ವಲ್ಪ ಬೇರೆ ವಿಷಯ. ಟೌನ್ ಹಾಲ್ ಮುಂದಿನ ಲಾನ್‌ನಲ್ಲಿ ದೀಪಾವಳಿಗೆ ಒಂದು ವಾರ ದೀಪದ ಕಂಬ ನಿಲ್ಲಿಸುತ್ತೇವೆ ಅಂತ ಅರ್ಜಿ ಕೊಟ್ಟಿದ್ದೆವಲ್ಲ, ಅದು ವಾಪಸ್ ಬಂದಿದೆ. ಕಾರಣ ಒಂದೇ ಸಾಲು: ಹಬ್ಬದ ಅಲಂಕಾರಕ್ಕೆ ಲಾನ್ ಕೊಡುವುದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಜನವರಿ 2ರವರೆಗೆ ಮಾತ್ರ. ಈ ವರ್ಷ, ಅಂದರೆ 2026ರಲ್ಲಿ, ದೀಪಾವಳಿ ನವೆಂಬರ್ 8. ಥ್ಯಾಂಕ್ಸ್‌ಗಿವಿಂಗ್ 26. ಹದಿನೆಂಟು ದಿನ ಮುಂಚೆ ಬಂದಿದ್ದೇ ನಮ್ಮ ಹಬ್ಬದ ತಪ್ಪು! ಮಂಗಳವಾರ ಸಂಜೆ 7ಕ್ಕೆ ಕೌನ್ಸಿಲ್ ಮೀಟಿಂಗ್ ಇದೆ, ಒಬ್ಬೊಬ್ಬರಿಗೆ 3 ನಿಮಿಷ ಮಾತಾಡಲು ಬಿಡುತ್ತಾರೆ. ಏನು ಹೇಳೋಣ, ಯಾರು ಹೇಳೋಣ?

ಕ್ರೀಕ್ ಬೀದಿ 41
ಹೇಳೋದೇನು ಅಕ್ಕ, ಕೇಸ್ ಹಾಕೋಣ. ಕ್ರಿಸ್‌ಮಸ್‌ಗೆ ಯೇಸು ಹುಟ್ಟಿದ ದೃಶ್ಯದ ಗೋದಲಿ ಇಡಬಹುದು, ಯಹೂದಿಗಳ ಹನುಕ್ಕಾ ಹಬ್ಬದ ದೀಪಸ್ತಂಭ ಮೆನೋರಾ ಇಡಬಹುದು, ನಾವು ಒಂದು ದೀಪ ಇಟ್ಟರೆ ಕ್ಯಾಲೆಂಡರ್ ತೋರಿಸ್ತಾರೆ. ಪ್ರಾಪರ್ಟಿ ಟ್ಯಾಕ್ಸ್ ಮಾತ್ರ ಎಲ್ಲ ತಿಂಗಳೂ ನಡೆಯುತ್ತೆ ಅಲ್ವಾ?

ಶಾಲೆ ಎದುರಿನ ಮನೆ
ಸ್ವಲ್ಪ ತಡೀರಿ. ನಾವು ಈ ಊರಿಗೆ ಬಂದು 19 ವರ್ಷ ಆಯಿತು. ಆ ಗೋದಲಿ ಅಂದರೆ ಇಲ್ಲಿಯವರಿಗೆ ಎಷ್ಟು ಇಷ್ಟ ಅಂತ ನನಗೆ ಗೊತ್ತು, ನನ್ನ ಮಗಳೂ ಚಿಕ್ಕವಳಿದ್ದಾಗ ಆ ಕುರಿಮರಿ ಮುಟ್ಟದೆ ಮನೆಗೆ ಬರುತ್ತಿರಲಿಲ್ಲ. ವಕೀಲರ ಪತ್ರ ಹೋದರೆ ಟೌನ್‌ನವರು ಹೆದರಿ ಎಲ್ಲವನ್ನೂ ತೆಗೆಸಿಬಿಡ್ತಾರೆ. ಆಮೇಲೆ ಗೋದಲಿ ತೆಗೆಸಿದವರು ಯಾರು ಅಂದರೆ ನಮ್ಮ ಕಡೆ ಬೆರಳು. ಸುಮ್ನೆ ಹೇಳ್ತಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಸುಮಾರು 60 ವರ್ಷ ಪಾರ್ಕಿನಲ್ಲಿ ಗೋದಲಿ ಸಾಲಾಗಿ ನಿಲ್ಲುತ್ತಿತ್ತು. 2011ರಲ್ಲಿ ಜಾಗಕ್ಕೆ ಅರ್ಜಿ ಜಾಸ್ತಿ ಬಂತು ಅಂತ ಚೀಟಿ ಎತ್ತಿದರು. 21 ಜಾಗದಲ್ಲಿ 18 ನಾಸ್ತಿಕರ ಪಾಲಾಯಿತು. ಜಗಳ ಎಷ್ಟಾಯಿತು ಅಂದರೆ ಮರುವರ್ಷದಿಂದ ಯಾರಿಗೂ ಇಲ್ಲ ಅಂದುಬಿಟ್ಟರು, ಕೋರ್ಟೂ ಅದನ್ನೇ ಸರಿ ಅಂದಿತು.

ಅಪಾರ್ಟ್‌ಮೆಂಟ್ 3ಬಿ
18/21?? ಅವರಿಗೆ ದೇವರ ದಯೆ ಜಾಸ್ತಿ ಇತ್ತು ಅನ್ಸುತ್ತೆ 😄

ಮೂಲೆ ಮನೆ
ನನ್ನ ಕೆಲಸ ಪೇಟೆಂಟ್ ಕಾಗದ ನೋಡೋದು, ಸಂವಿಧಾನ ಅಲ್ಲ, ಹಾಗಾಗಿ ಇದನ್ನು ವಕೀಲರ ಸಲಹೆ ಅಂದುಕೊಳ್ಳಬೇಡಿ. ಆದರೆ ಕಳೆದ ವಾರ ಕೂತು ತೀರ್ಪುಗಳನ್ನು ಓದಿದೆ. ಕೇಸ್ ಅನ್ನೋ ಮೊದಲು ಒಂದು ಪ್ರಶ್ನೆ: ಆ ಗೋದಲಿ ಯಾರದು? ಟೌನಿನದೋ, ಚರ್ಚಿನದೋ? ಎಲ್ಲ ಇದರ ಮೇಲೆ ನಿಂತಿದೆ.

ಟೌನಿನದೇ ಆದರೆ ಕಾನೂನಿನ ಲೆಕ್ಕದಲ್ಲಿ ಅದು ಟೌನ್ ತಾನೇ ಆಡುವ ಮಾತು. ಅದರ ಪಕ್ಕ ನಮ್ಮದನ್ನೂ ಇಡಿ ಅಂತ ಹಕ್ಕಿನಿಂದ ಕೇಳುವುದು ಕಷ್ಟ. ಯೂಟಾದ ಪ್ಲೆಸೆಂಟ್ ಗ್ರೋವ್ ಎಂಬ ಊರಿನ ಪಾರ್ಕಿನಲ್ಲಿ ಹತ್ತು ಆಜ್ಞೆಗಳ ಕಲ್ಲು ಇತ್ತು, ಇನ್ನೊಂದು ಪಂಥದವರು ನಮ್ಮ ಕಲ್ಲನ್ನೂ ನೆಡಿ ಅಂದರು, ಬೇಕಿಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಟೌನ್ ತಾನೇ ಇಟ್ಟರೆ ಒಂದು ಧರ್ಮದ ಕಡೆ ನಿಂತ ಹಾಗೆ ಕಾಣಬಾರದು ಅನ್ನೋ ಇನ್ನೊಂದು ತಲೆನೋವು ಇದೆ. ಅದರ ಕಥೆ ಮಜವಾಗಿದೆ. ರೋಡ್ ಐಲೆಂಡ್‌ನ ಪಾಟಕೆಟ್ ನಗರ 1,365 ಡಾಲರ್ ಕೊಟ್ಟು ಗೋದಲಿ ಕೊಂಡಿತ್ತು. 1984ರಲ್ಲಿ ಕೋರ್ಟ್ 5-4ರಲ್ಲಿ ಪರವಾಗಿಲ್ಲ ಅಂದಿತು, ಯಾಕಂದರೆ ಅದರ ಸುತ್ತ ಸಾಂಟಾ ಮನೆ, ಜಿಂಕೆ, ಮರ, ಕೋಡಂಗಿ, ಆನೆ, ಟೆಡ್ಡಿ ಕರಡಿ ಎಲ್ಲ ಇದ್ದವು. ಐದು ವರ್ಷ ಬಿಟ್ಟು ಪಿಟ್ಸ್‌ಬರ್ಗ್‌ನಲ್ಲಿ ಕೋರ್ಟ್ ಕಟ್ಟಡದ ದೊಡ್ಡ ಮೆಟ್ಟಿಲ ಮೇಲೆ ಗೋದಲಿ ಒಂದೇ ಇತ್ತು, ಅದು ತಪ್ಪು ಅಂದರು. ಅದೇ ತೀರ್ಪಿನಲ್ಲಿ, ಹತ್ತಿರದ ಇನ್ನೊಂದು ಸರ್ಕಾರಿ ಕಟ್ಟಡದ ಮುಂದೆ 45 ಅಡಿ ಕ್ರಿಸ್‌ಮಸ್ ಮರದ ಪಕ್ಕ ನಿಂತಿದ್ದ 18 ಅಡಿ ಮೆನೋರಾ ಸರಿ ಅಂದರು. 2022ರಲ್ಲಿ ಕೋರ್ಟ್ ಹಳೇ ಅಳತೆಗೋಲು ಬಿಟ್ಟು ಇತಿಹಾಸ, ಸಂಪ್ರದಾಯ ನೋಡಿ ಅಂದಿದೆ, ಹಾಗಾಗಿ ಈಗ ಇದೇ ಲೆಕ್ಕ ಹಿಡಿದು ಕೂರೋಕಾಗಲ್ಲ.

ಗೋದಲಿ ಚರ್ಚಿನದಾಗಿದ್ದು, ಟೌನ್ ಕೇಳಿದವರಿಗೆಲ್ಲ ಜಾಗ ಕೊಡ್ತಿದ್ದರೆ ಆಟವೇ ಬೇರೆ. ಆಗ ಇದು ಧಾರ್ಮಿಕ ಅಂತ ಹೇಳಿ ನಮ್ಮನ್ನು ಹೊರಗಿಡೋಕಾಗಲ್ಲ. ಬಾಸ್ಟನ್ ನಗರ 12 ವರ್ಷದಲ್ಲಿ 284 ಸಲ ಬೇರೆಯವರ ಬಾವುಟ ಏರಿಸಿ, ಒಂದೇ ಒಂದು ಕ್ರೈಸ್ತ ಬಾವುಟಕ್ಕೆ ಬೇಡ ಅಂದಿತು. 2022ರಲ್ಲಿ ಒಂಬತ್ತಕ್ಕೆ ಒಂಬತ್ತು ಜಡ್ಜ್‌ಗಳೂ ನಗರದ್ದೇ ತಪ್ಪು ಅಂದರು.

ಅಪಾರ್ಟ್‌ಮೆಂಟ್ 3ಬಿ
ಸರ್ ಒಂದು ಡೌಟು. ಹಾಗಾದರೆ ಲಕ್ಷ್ಮಿ ಪಕ್ಕ ಪ್ಲಾಸ್ಟಿಕ್ ಜಿಂಕೆ ನಿಲ್ಲಿಸಿದರೆ ಪಾಸಾ? ಆನೆ ಬೇಕಿದ್ದರೆ ನಮ್ಮ ಗಜಲಕ್ಷ್ಮಿ ಹತ್ತಿರ ಆಗಲೇ ಎರಡಿವೆ.

ಅಡ್ಮಿನ್
😂 ಇದನ್ನು ಮಂಗಳವಾರ ಹೇಳಬೇಡಪ್ಪಾ.

ಕ್ರೀಕ್ ಬೀದಿ 41
ಗೋದಲಿ ಯಾರದು ಅಂತ ನಾನು ಹೇಳ್ತೀನಿ. ಹೋದ ವರ್ಷ ಅದನ್ನು ಇಳಿಸುವಾಗ ನಾನು ಎದುರಿಗೇ ಕಾಫಿ ಹಿಡಿದು ನಿಂತಿದ್ದೆ. ಒಂದು ಹಳೇ ಪಿಕಪ್, ಇಬ್ಬರು ವಯಸ್ಸಾದವರು, ಒಬ್ಬರು ಸೊಂಟ ಹಿಡ್ಕೊಂಡು ಬೈಕೋತಾ ಇದ್ದರು. ಪ್ಲೈವುಡ್ ಒಂಟೆಗೆ ಒಂದು ಕಿವಿ ಇಲ್ಲ, ಮುರಿದ ಜಾಗಕ್ಕೆ ಕಂದು ಬಣ್ಣದ ಟೇಪ್ ಸುತ್ತಿದ್ದಾರೆ. ತಿರುಗಿಸಿದಾಗ ಹಿಂಬದಿಯಲ್ಲಿ ಚರ್ಚಿನ ಹೆಸರು ದೊಡ್ಡದಾಗಿ ಬರೆದಿತ್ತು. ಟೌನಿನ ಗಾಡಿಯೂ ಇರಲಿಲ್ಲ, ಕೆಲಸದವರೂ ಇರಲಿಲ್ಲ. ಒಂಟೆ ಇಳಿಸೋಕೆ ನಾನೂ ಒಂದು ಕೈ ಹಾಕಿದೆ.

ಮೂಲೆ ಮನೆ
ಕೇಸ್ ಹಾಕೋಣ ಅಂದ ಮನುಷ್ಯನೇ ಒಂಟೆ ಹೊತ್ತಿದ್ದಾರೆ ನೋಡಿ. ಇದು ತುಂಬಾ ಮುಖ್ಯ. ಎರಡು ವರ್ಷದ ಹಿಂದೆ ಮೆನೋರಾ ಇಟ್ಟವರೂ ಟೌನ್‌ನವರಲ್ಲ, ಅರ್ಜಿ ಕೊಟ್ಟೇ ಇಟ್ಟರು. ಅಂದರೆ ಲಾನ್ ಎಲ್ಲರಿಗೂ ತೆರೆದ ಜಾಗ, ನಮ್ಮನ್ನು ತಡೆದಿರುವುದು ತಾರೀಕು ಮಾತ್ರ. ಆ ನಿಯಮದಲ್ಲಿ ಯಾವ ಧರ್ಮದ ಹೆಸರೂ ಇಲ್ಲ, ಬರೆದವರಿಗೆ ಕೆಟ್ಟ ಮನಸ್ಸೂ ಇರಲಿಕ್ಕಿಲ್ಲ. ಆದರೆ ದೀಪಾವಳಿ ಎಷ್ಟೇ ತಡವಾದರೂ ನವೆಂಬರ್ ನಡುವಿಗೆ ಮುಗಿಯುತ್ತೆ, ಥ್ಯಾಂಕ್ಸ್‌ಗಿವಿಂಗ್ ಎಷ್ಟೇ ಬೇಗ ಬಂದರೂ 22. ಯಾವ ವರ್ಷವೂ ಎರಡೂ ಸೇರಲ್ಲ. ಮಂಗಳವಾರ ಹೇಳಬೇಕಾದ್ದು ಇದೊಂದೇ. ಗೋದಲಿ ಬಗ್ಗೆ ಒಂದು ಮಾತೂ ಬೇಡ.

ಶಾಲೆ ಎದುರಿನ ಮನೆ
ಇದಾದರೆ ನಾನೂ ಬರ್ತೀನಿ. ಆದರೆ ಇನ್ನೊಂದು ಭಯ. ತಾರೀಕು ಸಡಿಲ ಮಾಡಿದರೆ ಯಾರು ಬೇಕಾದರೂ ಬರ್ತಾರೆ ಅಲ್ವಾ? 2013ರಲ್ಲಿ ಫ್ಲೋರಿಡಾ ಕ್ಯಾಪಿಟಲ್ (ರಾಜ್ಯದ ಶಾಸನಸಭೆ ಕಟ್ಟಡ) ಒಳಗೆ ಒಬ್ಬರು ಬಿಯರ್ ಕ್ಯಾನ್‌ಗಳ ಕಂಬ ನಿಲ್ಲಿಸಿದರು. 2023ರಲ್ಲಿ ಅಯೋವಾದಲ್ಲಿ ಸೈತಾನನ ಹೆಸರಿನ ಗುಂಪಿನವರು ಮೂರ್ತಿ ಇಟ್ಟು, ಒಬ್ಬ ಬಂದು ಅದನ್ನು ಒಡೆದು, ಅವನ ಮೇಲೆ ಕೇಸಾಯಿತು. ನಮ್ಮ ದೀಪದ ಪಕ್ಕ ಅದು ಬಂದು ನಿಂತರೆ?

ಮೂಲೆ ಮನೆ
ಬಂದರೆ ಬರಲಿ ಮೇಡಂ, ಬೇರೆ ದಾರಿಯಿಲ್ಲ. ತೆರೆದ ಜಾಗ ಅಂದಮೇಲೆ ಇಷ್ಟವಾದವರಿಗೆ ಮಾತ್ರ ತೆರೆದಿರೋಕಾಗಲ್ಲ. ಓಹಾಯೋದ ಕೊಲಂಬಸ್‌ನಲ್ಲಿ ಬಿಳಿಯರೇ ಮೇಲು ಅನ್ನೋ ಕು ಕ್ಲಕ್ಸ್ ಕ್ಲಾನ್‌ನವರ ಶಿಲುಬೆಯನ್ನೇ ಬೇಡ ಅನ್ನೋಕಾಗಲಿಲ್ಲ, 1995ರ ತೀರ್ಪು. ನಿಜ ಹೇಳಬೇಕಂದರೆ ಅದನ್ನು ಓದಿದ ದಿನ ನನಗೂ ಊಟ ಸೇರಲಿಲ್ಲ. ಟೌನ್ ಏನು ಮಾಡಬಹುದು ಅಂದರೆ ಎಲ್ಲರಿಗೂ ಒಂದೇ ಎತ್ತರ, ಒಂದೇ ಗಾತ್ರ, ಇಷ್ಟೇ ದಿನ, ಮತ್ತು ಇದು ಟೌನಿನದಲ್ಲ ಅಂತ ಒಂದು ಬೋರ್ಡು. ಅದನ್ನು ಬರಹದಲ್ಲಿ ಮಾಡಿ ಅಂತ ನಾವೇ ಕೇಳೋಣ.

ಅಪಾರ್ಟ್‌ಮೆಂಟ್ 3ಬಿ
ಅರ್ಜಿಯಲ್ಲಿ ಲಕ್ಷ್ಮಿ ಗಿಕ್ಷ್ಮಿ ಬಿಟ್ಟು ಸಾಂಸ್ಕೃತಿಕ ಬೆಳಕಿನ ಹಬ್ಬ ಅಂತ ಬರೆದರೆ ಸಲೀಸಾಗಿ ಆಗಲ್ವಾ? 2016ರಲ್ಲಿ ದೀಪಾವಳಿ ಅಂಚೆಚೀಟಿ ಬಂತಲ್ಲ, ಅದರಲ್ಲೂ ಬರೀ ಹಣತೆ.

ಕ್ರೀಕ್ ಬೀದಿ 41
ಗಿಕ್ಷ್ಮಿ ಅಂತೆ! ಹಬ್ಬ ಮಾಡೋದಾದರೆ ಹಬ್ಬ ಅಂತಲೇ ಹೇಳೋಣ. ನಾಚಿಕೆ ಯಾಕೆ?

ಶಾಂತಿ ಬೀದಿ ಮನೆ
ಇದು ನಮ್ಮ ಅಮ್ಮ ಹೇಳಿ ಬರೆಸ್ತಿರೋದು, ಆರು ತಿಂಗಳಿಗೆ ಬಂದಿದ್ದಾರೆ, ಎರಡು ದಿನದಿಂದ ನಿಮ್ಮೆಲ್ಲರ ಮೆಸೇಜ್ ಓದಿಸ್ಕೊಂಡು ಕೇಳ್ತಿದ್ದಾರೆ. ಅವರ ಮಾತಲ್ಲೇ:
"ಏನ್ರಪ್ಪಾ, ಇಷ್ಟು ಓದಿದವರು ಪಂಚಾಂಗ ಒಬ್ಬರೂ ನೋಡಲಿಲ್ಲವಾ? ದೀಪ ಹಚ್ಚೋದು ದೀಪಾವಳಿ ದಿನ ಮಾತ್ರ ಅಂತ ಯಾರು ಹೇಳಿದರು? ಕಾರ್ತೀಕ ಪೂರ್ತಿ ಹಚ್ಚಬೇಕು. ಈ ಸಲ ಅಧಿಕ ಮಾಸ ಬಂದು ಎಲ್ಲ ಮುಂದಕ್ಕೆ ಹೋಗಿದೆ, ಕಾರ್ತೀಕ ಮುಗಿಯೋದು ಡಿಸೆಂಬರ್ 8ಕ್ಕೆ. ಧರ್ಮಸ್ಥಳದ ಲಕ್ಷದೀಪ ಆಗೋದೂ ಅದೇ ಕಡೇ ದಿನಗಳಲ್ಲಿ. ನೀವು ಹೇಳೋ ಆ ಟರ್ಕಿ ಕೋಳಿ ಹಬ್ಬ ಆದಮೇಲೂ ಹನ್ನೆರಡು ದಿನ ಉಳಿಯುತ್ತೆ. ಮೂರ್ತಿ ಇಡೋದಾ ಬೇಡವಾ ಅಂತ ಯಾಕೆ ಕಿತ್ತಾಡ್ತೀರಿ, ಹಚ್ಚಿದ ದೀಪಕ್ಕೇ ಅಲ್ವಾ ನಾವು ಕೈ ಮುಗಿಯೋದು."

ಅಡ್ಮಿನ್
ಅಮ್ಮಾ!! ನಿಮ್ಮ ಕಾಲಿಗೆ ನಮಸ್ಕಾರ.

ಮೂಲೆ ಮನೆ
ಎರಡು ದಿನ ತೀರ್ಪು ಓದಿ ನನಗೆ ಸಿಗದೇ ಇದ್ದಿದ್ದು ಪಂಚಾಂಗದಲ್ಲಿ ಸಿಕ್ಕಿತು. ನವೆಂಬರ್ 26ರಿಂದ ಡಿಸೆಂಬರ್ 8. ಈಗಿರುವ ನಿಯಮದಲ್ಲೇ ಆಗುತ್ತೆ, ಯಾರ ಮುಂದೆಯೂ ಕೈ ಕಟ್ಟಿ ನಿಲ್ಲಬೇಕಿಲ್ಲ. ಹನುಕ್ಕಾ ಈ ಸಲ ಡಿಸೆಂಬರ್ 4ರ ಸಂಜೆಯಿಂದ, ಹಾಗಾಗಿ ನಾಲ್ಕೈದು ದಿನ ಮೆನೋರಾ, ಗೋದಲಿ, ನಮ್ಮ ದೀಪ ಮೂರೂ ಒಟ್ಟಿಗೆ ಇರ್ತವೆ.

ಕ್ರೀಕ್ ಬೀದಿ 41
ಅಮ್ಮನ ಮಾತಿಗೆ ಎದುರಾಡಲ್ಲ. ಆದರೆ ಇದು ತಗ್ಗಿ ಹೋದ ಹಾಗೆ ಆಗಲ್ವಾ? ದೀಪಾವಳಿಯನ್ನು ಅವರ ಕ್ಯಾಲೆಂಡರ್‌ಗೆ ತಳ್ಳಿದ ಹಾಗೆ. ಮುಂದಿನ ವರ್ಷವೂ ಇದೇ ಕಥೆ.

ಅಡ್ಮಿನ್
ಅದಕ್ಕೇ ಎರಡೂ ಮಾಡೋಣ. ಹೊಸ ಅರ್ಜಿ ನಾಳೆಯೇ ಕೊಡ್ತೀನಿ, ಕಾರ್ತೀಕ ದೀಪ ಅಂತಲೇ ಹೆಸರು. ಧಾರ್ಮಿಕವಾ ಅಂದರೆ ಹೌದು ಅಂತ ಟಿಕ್ ಮಾಡ್ತೀನಿ, ಮುಚ್ಚಿಡೋದೇನಿಲ್ಲ. ಮಂಗಳವಾರ ತಾರೀಕಿನ ನಿಯಮವನ್ನು ಮುಂದಿನ ವರ್ಷದಿಂದ ಅಕ್ಟೋಬರ್‌ಗೆ ಹಿಂದಕ್ಕೆ ತನ್ನಿ ಅಂತ ಕೇಳೋಣ. ನ್ಯೂಯಾರ್ಕ್‌ನಲ್ಲಿ 2023ರಲ್ಲಿ ದೀಪಾವಳಿಗೆ ಶಾಲೆ ರಜೆ ಅಂತ ಕಾನೂನೇ ಆಗಿದೆ, ನಾವು ಕೇಳ್ತಿರೋದು ಲಾನ್‌ನ ಒಂದು ಮೂಲೆ. ಶಾಲೆ ಎದುರಿನ ಅಕ್ಕ, ನೀವು ಮಾತಾಡಿ. 19 ವರ್ಷ ಅಂದರೆ ಅವರೂ ಕಿವಿಗೊಡ್ತಾರೆ.

ಶಾಲೆ ಎದುರಿನ ಮನೆ
ಸರಿ, ಕುರಿಮರಿ ಕಥೆಯಿಂದಲೇ ಶುರು ಮಾಡ್ತೀನಿ. ಅದಕ್ಕೆ ಮುಂಚೆ ಭಾನುವಾರ ಆ ಚರ್ಚಿನವರನ್ನು ಒಮ್ಮೆ ಕಂಡು ಬರೋಣ. ಮೀಟಿಂಗ್‌ನಲ್ಲಿ ಮೊದಲ ಸಲ ಕೇಳಿದರೆ ಅವರಿಗೂ ಗಾಬರಿಯಾಗುತ್ತೆ.

ಕ್ರೀಕ್ ಬೀದಿ 41
ನಾನೂ ಬರ್ತೀನಿ. ಸೊಂಟ ನೋವಿನವರು ನನ್ನ ಗುರುತು ಹಿಡೀತಾರೆ. ಒಂಟೆ ಕಿವಿ ಬೇಕಾದರೆ ನಾನೇ ಕತ್ತರಿಸಿಕೊಡ್ತೀನಿ, ಮನೇಲಿ ಪ್ಲೈವುಡ್ ಇದೆ.

ಅಡ್ಮಿನ್
ಅರ್ಜಿಯಲ್ಲಿ ಬೆಂಕಿ ಬೇಡ ಅಂತ ಇದೆ, ಹಾಗಾಗಿ ಎಲ್‌ಇಡಿ ಬತ್ತಿ. ಅಮ್ಮನಿಗೆ ಮೆಲ್ಲಗೆ ಹೇಳಿ. ಕಂಬ ಯಾರ ಮನೇಲಿದೆ? ಎತ್ತರದ ಜೊತೆ ಬುಡದ ಅಗಲವೂ ಕೇಳಿದ್ದಾರೆ, ನಾಳೆ ಬೆಳಗ್ಗೆ 9ರೊಳಗೆ ಬೇಕು.

ಶಾಂತಿ ಬೀದಿ ಮನೆ
ಎಲ್‌ಇಡಿ ಅಂದಿದ್ದಕ್ಕೆ ಅಮ್ಮ ಅಡುಗೆಮನೆಗೆ ಎದ್ದು ಹೋದರು, ನೋಡ್ಕೋತೀನಿ. ಕಂಬ ನಮ್ಮ ಗ್ಯಾರೇಜಲ್ಲೇ ಇದೆ, ಸ್ನೋ ಬ್ಲೋವರ್ ಹಿಂದೆ. ಬುಡ 28 ಇಂಚು. ಇಬ್ಬರು ಬಂದರೆ ಎತ್ತಬಹುದು, ಒಬ್ಬರ ಕೈಲಿ ಆಗಲ್ಲ.

ಅಪಾರ್ಟ್‌ಮೆಂಟ್ 3ಬಿ
ನಾನು ಒಬ್ಬ. ಇನ್ನೊಬ್ಬರು?