ಏಳೂವರೆ ಸಾವಿರದ ಫಾರ್ವರ್ಡ್

‘ಮನೆಮಂದಿ’ ಗ್ರೂಪ್. ಭಾನುವಾರ, 9 ಫೆಬ್ರವರಿ 2025

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) 🎉🎉 ಇಪಿಎಸ್-95 (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಪಿಂಚಣಿದಾರರಿಗೆ ಸಿಹಿಸುದ್ದಿ! ಮುಂದಿನ ತಿಂಗಳಿಂದ ಕನಿಷ್ಠ ಪಿಂಚಣಿ 7,500 ರೂ. + ಡಿಎ. ಎಲ್ಲರಿಗೂ ತಲುಪಿಸಿ 🙏

ಅಣ್ಣ: ಹೋದ ಯುಗಾದಿಗೂ ಇದೇ ಬಂದಿತ್ತು 😄

ನಾನು: ಸುಳ್ಳು ದೊಡ್ಡಪ್ಪ. ಆದೇಶದ ನಂಬರೂ ಇಲ್ಲ, ತಾರೀಖೂ ಇಲ್ಲ. 7,500 ಅನ್ನುವುದು ಪಿಂಚಣಿದಾರರ ಬೇಡಿಕೆ. 2014ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ 1,000 ಮಾಡಿದರು, ಈಗಲೂ ಅಷ್ಟೇ.

ದೊಡ್ಡಪ್ಪ: ಸುಳ್ಳೇ ಇರಲಿ. ಕೇಳುವುದು ತಪ್ಪಾ? ರಿಟೈರ್ ಆದಾಗ ನನ್ನ ಸಂಬಳ 32,000. ಪಿಂಚಣಿ 3,100. ಆರು ವರ್ಷದಲ್ಲಿ ಒಂದು ರೂಪಾಯಿ ಏರಿಲ್ಲ. ನಿಮ್ಮ ದೊಡ್ಡಮ್ಮನ ಮಾತ್ರೆಗೇ ಸಾಲದು.

ಅಣ್ಣ: ಸರ್ಕಾರದ ಕೈಗೆ ದುಡ್ಡು ಕೊಟ್ಟರೆ ಹೀಗೇ. ತಿಂಗಳಿಗೆ ಪಿಂಚಣಿಗೆ ಹೋಗುವ ಆ 1,250 ಮ್ಯೂಚುವಲ್ ಫಂಡ್ ಎಸ್‌ಐಪಿಗೆ ಹಾಕಿದ್ದರೆ ಎಷ್ಟಾಗುತ್ತಿತ್ತು ನೋಡಿ. ಇಷ್ಟವಿದ್ದವರು ಸೇರಲಿ, ಕಡ್ಡಾಯ ಯಾಕೆ?

ನಾನು: 1,250 ಎಲ್ಲಿಂದ ಬಂತು ಹೇಳು. ಕಂಪನಿ ಪಿಎಫ್‌ಗೆ ಕಟ್ಟುವ ಸಂಬಳದ 12%ರಲ್ಲಿ 8.33% ಪಿಂಚಣಿಗೆ ಹೋಗುತ್ತದೆ. ಆದರೆ ಸಂಬಳ ಎಷ್ಟೇ ಇದ್ದರೂ ಲೆಕ್ಕ 15,000ಕ್ಕೇ. ಅದು 2014ರ ಮಿತಿ. ಅದಕ್ಕೂ ಮೊದಲು 6,500 ಇತ್ತು. ದೊಡ್ಡಪ್ಪ, ಹಳೇ ಪಾಸ್‌ಬುಕ್ ತೆಗೆಯಿರಿ, ತಿಂಗಳಿಗೆ 541 ಅಂತ ಇರುತ್ತದೆ.

ದೊಡ್ಡಪ್ಪ: ಹೌದು, 541 ಇದೆ.

ನಾನು: ಪಿಂಚಣಿ ಅಂದರೆ ಸಂಬಳ ಗುಣಿಸು ಸರ್ವಿಸ್ ವರ್ಷ, ಭಾಗಿಸು 70. ಇವತ್ತಿನ ಮಿತಿಯಲ್ಲೇ ಪೂರ್ತಿ 35 ವರ್ಷ ದುಡಿದವನಿಗೆ 15,000 × 35 ÷ 70. ಎಷ್ಟಾಯಿತು? 7,500! ಫಾರ್ವರ್ಡ್‌ನಲ್ಲಿ ‘ಕನಿಷ್ಠ’ ಅಂತ ಕೇಳುತ್ತಿರುವುದು ಹೆಚ್ಚುಕಡಿಮೆ ಈ ಸೂತ್ರದ ಗರಿಷ್ಠ. ಮಿತಿ ಹಾಗೇ ಬಿಟ್ಟು ಕನಿಷ್ಠ ಏರಿಸಿ ಅಂದರೆ ಹೊರೆಯೆಲ್ಲ ಸರ್ಕಾರದ ಮೇಲೆ. ಅದು ಈಗ ಹಾಕುತ್ತಿರುವುದು ಸಂಬಳದ 1.16%. ಜಗಳ ಆಡುವುದಾದರೆ ಆ 15,000ಕ್ಕೆ ಆಡಬೇಕು.

ದೊಡ್ಡಪ್ಪ: ಸುಪ್ರೀಂ ಕೋರ್ಟ್ ಪೂರ್ತಿ ಸಂಬಳಕ್ಕೆ ಕೊಡಿ ಅಂತ ಹೇಳಿತ್ತಲ್ಲ?

ನಾನು: 2022ರ ನವೆಂಬರ್ 4ರ ತೀರ್ಪು. 2014ರ ಸೆಪ್ಟೆಂಬರ್ 1ಕ್ಕೆ ಕೆಲಸದಲ್ಲಿದ್ದವರು ಕಂಪನಿ ಜೊತೆ ಜಂಟಿ ಅರ್ಜಿ ಹಾಕಬಹುದಿತ್ತು. ಆದರೆ ಪಿಎಫ್ ಕೂಡ ಪೂರ್ತಿ ಸಂಬಳದ ಮೇಲೆ ಕಟ್ಟಿರಬೇಕು. ನಿಮ್ಮ ಕಂಪನಿ ಕಟ್ಟಿದ್ದು ಮಿತಿಯವರೆಗೆ ಮಾತ್ರ.

ದೊಡ್ಡಪ್ಪ: ನಮ್ಮನ್ನು ಯಾರು ಕೇಳಿದರು?

ಚಿಕ್ಕಮ್ಮ: ಅದೇ ನಾನೂ ಕೇಳುವುದು. ಮಿತಿ ಏರಿಸಿದರೆ ನಮ್ಮ ಕೈಯಿಂದಲೂ 12% ಜಾಸ್ತಿ ಹೋಗುತ್ತದೆ ಅಲ್ವಾ? 18,000 ಬರುವ ಟೈಲರ್‌ಗೆ ತಿಂಗಳಿಗೆ 360 ಖೋತಾ. ನಿಮಗೆ ಅದು ಒಂದು ಪಿಜ್ಜಾ.

ಅಣ್ಣ: 😶

ಚಿಕ್ಕಮ್ಮ: 2016 ಮರೆತಿರಾ? ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ಮುಟ್ಟಬೇಡಿ ಅಂತ ದಿಲ್ಲಿಯಲ್ಲಿ ಕೂತು ಆದೇಶ ಮಾಡಿದರು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರನ್ನು ಇಟ್ಟುಕೊಳ್ಳುತ್ತಾರೆ? ನಲವತ್ತಕ್ಕೇ ಕಣ್ಣು, ಬೆನ್ನು ಹೋಗಿರುತ್ತದೆ. ಏಪ್ರಿಲ್‌ನಲ್ಲಿ ಹೊಸೂರು ರಸ್ತೆಯಲ್ಲಿ ಹೆಂಗಸರೇ ಇಳಿದೆವು. ಮಾರನೇ ದಿನ ಲಾಠಿ, ಅಶ್ರುವಾಯು, ಬಸ್ಸಿಗೆ ಬೆಂಕಿ. ಅವತ್ತೇ ಆದೇಶ ವಾಪಸ್.

ನಾನು: ಅದು ಸರಿ ಚಿಕ್ಕಮ್ಮ. ಆದರೆ ಒಂದೊಂದು ಫ್ಯಾಕ್ಟರಿ ಬಿಟ್ಟಾಗಲೂ ಪಿಂಚಣಿ ದುಡ್ಡನ್ನೂ 10ಸಿ ಫಾರಂ ತುಂಬಿ ತೆಗೆದಿರಿ. ಮೂರು ಫ್ಯಾಕ್ಟರಿ ಸೇರಿ 10 ವರ್ಷ ದಾಟಿತ್ತು, ಬಿಟ್ಟಿದ್ದರೆ 58ಕ್ಕೆ ಪಿಂಚಣಿ ಬರುತ್ತಿತ್ತು.

ಚಿಕ್ಕಮ್ಮ: ಬಿಟ್ಟಿದ್ದರೆ ಮಗಳ ನರ್ಸಿಂಗ್ ಫೀಸ್ ಯಾರು ಕಟ್ಟುತ್ತಿದ್ದರು? ಆ ದುಡ್ಡು ಸುಮ್ನೆ ತಿಂದಿಲ್ಲ. ಮಿತಿ ಏರಿಸಲಿ, ನಮ್ಮ ಪಾಲು ಏರಿಸದೆ ಮಾಲೀಕರದ್ದು ಮಾತ್ರ ಏರಿಸಲಿ.

ಅಣ್ಣ: ಮಾಲೀಕರು ಅದನ್ನೂ ಸಿಟಿಸಿಯಲ್ಲೇ (ಒಟ್ಟು ಸಂಬಳದ ಪ್ಯಾಕೇಜ್) ಹಿಡಿಯುತ್ತಾರೆ ಚಿಕ್ಕಮ್ಮ. ನನ್ನ ಆಫರ್ ಲೆಟರ್ ನೋಡಿ, ಕಂಪನಿಯ ಪಿಎಫ್ ಕೂಡ ನನ್ನ ಸಂಬಳದ ಲೆಕ್ಕದಲ್ಲೇ ಇದೆ.

ನಾನು: ಆಫೀಸಿನವರಿಗೆ ಹಾಗೆ ಹಿಡಿಯುತ್ತಾರೆ. ಕನಿಷ್ಠ ವೇತನದವರಿಗೆ ಅದಕ್ಕಿಂತ ಕೆಳಗೆ ಇಳಿಸಲು ಬರುವುದಿಲ್ಲ. ಇದೇ ಕಾರಣಕ್ಕೆ ಕಡ್ಡಾಯ ಬೇಕು ಅನ್ನುವುದು. ಇಷ್ಟವಿದ್ದವರು ಸೇರಲಿ ಅಂದರೆ ಮೊದಲು ತಪ್ಪಿಸಿಕೊಳ್ಳುವುದು ಮಾಲೀಕರು.

ದೊಡ್ಡಪ್ಪ: ಮಿತಿ ಈಗ ಏರಿಸಿದರೂ ನನಗೆ ಬರುವುದು ಅದೇ 3,100. ಹಾಗಾಗಿ ನಾನು ಫಾರ್ವರ್ಡ್ ಮಾಡುತ್ತಲೇ ಇರುತ್ತೇನೆ.

ಅಣ್ಣ: ಒಂದು ಡೌಟು. ಹಳೇ ಕಂಪನಿಯ ಪಿಎಫ್ ಇನ್ನೂ ಅಲ್ಲೇ ಬಿದ್ದಿದೆ. ಟ್ರಾನ್ಸ್‌ಫರ್ ಮಾಡಿಸಲಾ, ತೆಗೆದುಬಿಡಲಾ?

ನಾನು: ಎಸ್‌ಐಪಿ ಮಹಾರಾಜ, ಟ್ರಾನ್ಸ್‌ಫರ್ ಮಾಡಿಸು. ಪಿಂಚಣಿ ದುಡ್ಡನ್ನೂ ತೆಗೆದರೆ ಆ ಸರ್ವಿಸ್ 10 ವರ್ಷದ ಲೆಕ್ಕಕ್ಕೆ ಸಿಗುವುದಿಲ್ಲ. ಯುಎಎನ್ (ನಿನ್ನ ಪಿಎಫ್ ನಂಬರ್) ಮಾತ್ರ ಇಲ್ಲಿ ಹಾಕಬೇಡ, ನನಗೆ ಫೋನ್ ಮಾಡು.