ಡ್ರೈಯರ್ ಹಾಕಿ ಅರ್ಧ ಗಂಟೆಗೆ ಎಂಸಿಬಿ ಬೀಳುತ್ತಿದೆ, ಪ್ಲಗ್ ಬಿಸಿ, ಮುಟ್ಟಿದರೆ ಜುಂ

ಒದ್ದೆಅಂಗಿ:
ಎಲ್ಲರಿಗೂ ನಮಸ್ಕಾರ. ಬಟ್ಟೆ ಒಣಗಿಸುವ ಡ್ರೈಯರ್ ತಂದು 10 ದಿನ ಆಯಿತು. ಬಿಸಿಗಾಳಿಯನ್ನು ಪೈಪಿನಲ್ಲಿ ಹೊರಗೆ ಬಿಡುವ ಮಾದರಿ, ಹಿಂದಿನ ಪಟ್ಟಿಯಲ್ಲಿ 230 ವೋಲ್ಟ್, 2500 ವಾಟ್ ಅಂತ ಇದೆ. ಅಲ್ಲಿ ಇರುವುದು ಒಂದೇ ಪವರ್ ಪಾಯಿಂಟ್, ಹಾಗಾಗಿ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ವಾಷಿಂಗ್ ಮಷಿನ್ನು, ಡ್ರೈಯರ್ರು ಎರಡನ್ನೂ ಅದಕ್ಕೇ ಚುಚ್ಚಿದ್ದೇನೆ. ಕೆಲವು ದಿನ ಏನೂ ಆಗುವುದಿಲ್ಲ. ಕೆಲವು ದಿನ ಅರ್ಧ ಗಂಟೆಗೆಲ್ಲ 16 ಆಂಪಿಯರ್ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ತಕ್ಷಣ ಎತ್ತಿದರೆ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ನಿಲ್ಲುತ್ತದೆ. ಪ್ಲಗ್ ಯಾವಾಗಲೂ ಬಿಸಿ. ಬರಿಗಾಲಲ್ಲಿ ಡ್ರೈಯರ್ ಮೈ ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತದೆ. ನೋಡಲು ಬಂದವರು 32ರ ಎಂಸಿಬಿ ಹಾಕಿಬಿಡಿ, ತಲೆನೋವು ಮುಗಿಯುತ್ತದೆ ಅಂದರು. ಹಾಕಿಸಲಾ?

ತಂತಿಮಾವ:
ಬೇಡ ಮಾರಾಯ್ರೇ! ಮೊದಲು ಡ್ರೈಯರ್ ಪ್ಲಗ್ ಕಿತ್ತಿಡಿ, ಆಮೇಲೆ ಮಾತು. ಎಂಸಿಬಿ ಇರುವುದು ಡ್ರೈಯರ್ ಕಾಯುವುದಕ್ಕಲ್ಲ, ಗೋಡೆಯೊಳಗಿನ ವೈರ್ ಕಾಯುವುದಕ್ಕೆ. ವೈರ್ ಹಾಗೇ ಇಟ್ಟು 32 ಹಾಕಿದರೆ ಎಂಸಿಬಿ ಆರಾಮಾಗಿ ಕೂತಿರುತ್ತದೆ, ಬಿಸಿಯಾಗುವುದು ವೈರು.
ಎರಡು ಪ್ರಶ್ನೆ. ಬೀಳುವ ದಿನ ವಾಷಿಂಗ್ ಮಷಿನ್ ಬಿಸಿನೀರಿನ ವಾಶ್‌ನಲ್ಲಿ ಇರುತ್ತದಾ? ಎಂಸಿಬಿ ಇರುವ ಮೇನ್ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ಲೈನ್ ಕಡಿಯುವ, ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಇದೆಯಾ?

ಒದ್ದೆಅಂಗಿ:
ಅಯ್ಯೋ, ಹೌದು. ಬೆಡ್‌ಶೀಟ್ ಹಾಕಿದ ದಿನ ಮಾತ್ರ ಬೀಳುತ್ತಿತ್ತು, ಅವಕ್ಕೆ ಬಿಸಿನೀರು ಇಡುತ್ತೇವೆ. ಟೆಸ್ಟ್ ಬಟನ್ ಇರುವುದು ಯಾವುದೂ ಕಾಣಿಸಲಿಲ್ಲ.

ತಂತಿಮಾವ:
ಹಾಗಾದರೆ ಲೆಕ್ಕ ಸಿಕ್ಕಿತು. ಡ್ರೈಯರ್ 2500 ವಾಟ್, ಅಂದರೆ ಸುಮಾರು 11 ಆಂಪಿಯರ್. ವಾಷಿಂಗ್ ಮಷಿನ್ ನೀರು ಕಾಯಿಸುವಾಗ 2000 ವಾಟ್ ಅಂದುಕೊಳ್ಳಿ, ಹತ್ತಿರ ಹತ್ತಿರ 9. ಎರಡೂ ಸೇರಿ 20. 16ರ ಎಂಸಿಬಿ ಇಷ್ಟಕ್ಕೆಲ್ಲ ಕೂಡಲೇ ಬೀಳುವುದಿಲ್ಲ. ಒಳಗಿನ ಲೋಹದ ಪಟ್ಟಿ ನಿಧಾನಕ್ಕೆ ಕಾದು ಬಾಗಬೇಕು. ತಣ್ಣಗಾಗುವ ತನಕ ಎತ್ತಿದರೂ ನಿಲ್ಲದೆ ಇರುವುದು ಅದಕ್ಕೇ. ಶಾರ್ಟ್ ಆಗಿದ್ದರೆ ಸ್ವಿಚ್ ಹಾಕಿದ ಕ್ಷಣವೇ ಟಪ್ ಅಂತ ಬೀಳುತ್ತಿತ್ತು.

ಆದರೆ ನನಗೆ ಹೆದರಿಕೆ ಎಂಸಿಬಿ ಬೀಳುವುದರದ್ದಲ್ಲ, ಪ್ಲಗ್ ಬಿಸಿದು. ಡ್ರೈಯರ್ ಒಂದೇ ಓಡಿದಾಗಲೂ ಬಿಸಿ ಅಂದರೆ ಎಲ್ಲೋ ಸ್ಕ್ರೂ ಸಡಿಲ, ಇಲ್ಲವೇ ಸಾಕೆಟ್ ಹಿಡಿತ ಹೋಗಿದೆ. ಆ ಜಾಗದಲ್ಲಿ ಅರ್ಧ ಓಮ್ ಪ್ರತಿರೋಧ ಅಡ್ಡ ಬಂದರೂ 11 ಆಂಪಿಯರ್‌ಗೆ 60 ವಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಕಡ್ಡಿಯನ್ನು ಪ್ಲಗ್ ಒಳಗೆ ಇಟ್ಟ ಹಾಗೆ! ಇದನ್ನು ಯಾವ ಎಂಸಿಬಿಯೂ ಹಿಡಿಯುವುದಿಲ್ಲ, ಯಾಕೆಂದರೆ ಕರೆಂಟ್ ಜಾಸ್ತಿ ಆಗಿರುವುದೇ ಇಲ್ಲ.

ಬಿಸಿಲುಮಚ್ಚು:
ಜುಂ ಅನ್ನುವುದಕ್ಕೆ ಕಾಲಡಿ ರಬ್ಬರ್ ಮ್ಯಾಟ್ ಹಾಕಿ ಸಾಕು. ನಮ್ಮಲ್ಲಿ ಹಾಗೇ ನಡೀತಿದೆ.

ತಂತಿಮಾವ:
ನಡೆಯುವ ತನಕ ನಡೆಯುತ್ತದೆ. ಈ ಮಷಿನ್‌ಗಳಲ್ಲಿ ಕರೆಂಟಿನ ನಾಯ್ಸ್ ತಡೆಯುವ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಎರಡರಿಂದಲೂ ಲೋಹದ ಮೈಗೆ ಸೇರಿರುತ್ತವೆ. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ತ್ ಇಲ್ಲದಿದ್ದರೆ ಮೈ ಮೇಲೆ ಸುಮಾರು ಅರ್ಧ ವೋಲ್ಟೇಜ್ ತೇಲುತ್ತದೆ, ಆದರೆ ಕರೆಂಟ್ ತೀರಾ ಕಡಿಮೆ, ಅದಕ್ಕೇ ಬರೀ ಜುಂ. ನಾಳೆ ಹೀಟರ್ ಕಾಯಿಲ್ ತುಂಡಾಗಿ ಮೈಗೆ ತಗುಲಿದರೆ? ಅರ್ತ್ ಇಲ್ಲ, ಆರ್‌ಸಿಸಿಬಿಯೂ ಇಲ್ಲ, ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಒದ್ದೆ ಕೈ ಬಟ್ಟೆ ತೆಗೆಯಲು ಹೋಗುತ್ತದೆ. ಇನ್ನೊಂದು, ಸಾಕೆಟ್‌ನಲ್ಲಿ ನ್ಯೂಟ್ರಲ್ಲನ್ನೇ ಅರ್ತ್ ಪಿನ್‌ಗೆ ಸೇರಿಸುವ ಬುದ್ಧಿವಂತರಿದ್ದಾರೆ. ಆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಡ್ರೈಯರ್ ಮೈಗೆ ಪೂರ್ತಿ 230 ಬರುತ್ತದೆ.

ಒದ್ದೆಅಂಗಿ, ಒಳ್ಳೆಯ ಎಲೆಕ್ಟ್ರಿಷಿಯನ್ ಕರೆಸಿ. ಮೇನ್ ಬೋರ್ಡಿನಿಂದ ಡ್ರೈಯರ್‌ಗೇ ಅಂತ ಬೇರೆ ಲೈನ್ ಎಳೆಸಿ, 16 ಆಂಪಿಯರ್ ಎಂಸಿಬಿ, ತಾಮ್ರದ ಎರಡೂವರೆ ಸ್ಕ್ವೇರ್ (ಚದರ ಮಿಲಿಮೀಟರ್ ದಪ್ಪದ) ವೈರ್, ದೂರ ಜಾಸ್ತಿ ಇದ್ದರೆ 4 ಸ್ಕ್ವೇರ್. ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಎಕ್ಸ್‌ಟೆನ್ಷನ್ ಎಷ್ಟೇ ದಪ್ಪ ಇರಲಿ, ಡ್ರೈಯರ್‌ಗೆ ಬೇಡ.

ಒದ್ದೆಅಂಗಿ:
ನಿನ್ನೆ ಬೇರೆಯವರನ್ನು ಕರೆಸಿದೆ. ಮೇನ್ ಆಫ್ ಮಾಡಿ, ಮೀಟರ್ ಇಟ್ಟು ಕರೆಂಟ್ ಇಲ್ಲ ಅಂತ ನೋಡಿಕೊಂಡು ಪಾಯಿಂಟ್ ಬಿಚ್ಚಿದರು. ನ್ಯೂಟ್ರಲ್ ಸ್ಕ್ರೂ ಅರ್ಧ ಸುತ್ತು ಸಡಿಲ, ವೈರ್ ತುದಿ ಕಪ್ಪಗೆ, ಮೇಲಿನ ಪ್ಲಾಸ್ಟಿಕ್ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅದೂ ಒಂದೂವರೆ ಸ್ಕ್ವೇರ್ ವೈರ್. ಅರ್ತ್ ಪಿನ್‌ಗೆ ವೈರೇ ಇಲ್ಲ, ಸುಮ್ನೆ ತೂತು! ಈಗ ಬೋರ್ಡಿನಿಂದ 4 ಸ್ಕ್ವೇರ್ ಎಳೆದು, ಅರ್ತ್ ಅಳೆದು, ಆರ್‌ಸಿಸಿಬಿ ಹಾಕಿ, ಟೆಸ್ಟ್ ಬಟನ್ ಒತ್ತಿ ಬೀಳಿಸಿ ತೋರಿಸಿದರು. ಪ್ಲಗ್ ಒಂದು ಗಂಟೆ ಆದರೂ ಉಗುರು ಬೆಚ್ಚಗೆ ಅಷ್ಟೇ. ಜುಂ ಹೋಯಿತು. ವಾಷಿಂಗ್ ಮಷಿನ್ ಪಾಯಿಂಟ್‌ಗೂ ಹೊಸ ವೈರ್ ಹಾಕಿಸಿದೆ.
ಆದರೆ ಟವೆಲ್ ಒಣಗಲು ಎರಡು ಗಂಟೆ ಹಿಡಿಯುತ್ತದೆ. ಇದು ಸರಿನಾ?

ನೂಲುಹುಳ:
ಸರಿ ಇಲ್ಲ. ಇದು ವೈರಿಂಗ್ ಅಲ್ಲ, ಗಾಳಿ ಸಿಕ್ಕಿಕೊಂಡಿದೆ. ಸುರುಳಿ ಸುರುಳಿ ಪ್ಲಾಸ್ಟಿಕ್ ಪೈಪ್ ಹಾಕಿದ್ದೀರಿ ಅಲ್ವಾ? ಅದರ ಮಡಿಕೆಗಳಲ್ಲೆಲ್ಲ ಬಟ್ಟೆಯ ನೂಲುಪುಡಿ ಕೂರುತ್ತದೆ. ಅದು ಹತ್ತಿಯ ಹಾಗೆ ಬೇಗ ಹೊತ್ತಿಕೊಳ್ಳುವ ಸಾಮಾನು. 4 ಇಂಚಿನ, ಒಳಗೆ ನುಣುಪಾಗಿರುವ ಲೋಹದ ಪೈಪ್ ಹಾಕಿ, ಆದಷ್ಟು ಗಿಡ್ಡ, ತಿರುವು ಕಡಿಮೆ. ಜೋಡಣೆಗೆ ಸ್ಕ್ರೂ ಬೇಡ, ಒಳಗೆ ಚಾಚಿದ ಮೊನೆಗೆ ನೂಲು ಸಿಕ್ಕಿಕೊಳ್ಳುತ್ತದೆ, ಅಲ್ಯೂಮಿನಿಯಂ ಟೇಪ್ ಸುತ್ತಿ. ಹೊರಗಿನ ಬಾಯಿಗೆ ಹಕ್ಕಿ ಬರಬಾರದು ಅಂತ ಸಣ್ಣ ಜಾಲರಿ ಬಡಿದಿದ್ದರೆ ಕಿತ್ತು ಹಾಕಿ, ಗಾಳಿ ಬಂದಾಗ ತಾನೇ ತೆರೆಯುವ ಮುಚ್ಚಳ ಸಾಕು. ಡ್ರೈಯರ್ ಒಳಗಿನ ನೂಲು ಹಿಡಿಯುವ ಫಿಲ್ಟರ್ ಪ್ರತಿ ಸಲ ಬಟ್ಟೆ ತೆಗೆದ ಮೇಲೆ ಒರೆಸಬೇಕು. ವಾರಕ್ಕೊಮ್ಮೆ ಅಲ್ಲ, ಪ್ರತಿ ಸಲ.

ಒದ್ದೆಅಂಗಿ:
ಪ್ಲಾಸ್ಟಿಕ್ ಪೈಪೇ. ಈಗ ಕಿತ್ತು ಅಲ್ಲಾಡಿಸಿದೆ, 10 ದಿನಕ್ಕೇ ಒಂದು ಹಿಡಿ ನೂಲು ಬಿತ್ತು. ಹೊರಗೆ ಜಾಲರಿಯೂ ಇತ್ತು, ನಾನೇ ಬಡಿದದ್ದು. ಲೋಹದ ಪೈಪ್ ಬರುವ ತನಕ ಟವೆಲ್ ಹಗ್ಗದ ಮೇಲೆ.